ಎರಡನೆಯ ಪೆಪ್ಪರ್‌ಮಿಂಟು

ಕೆಚ್ಚಲಿಗೆ ಹತ್ತು ಆಜ್ಞೆಗಳು ಗೊತ್ತಿಲ್ಲ.
ವಾರವಿಡೀ ತುಂಬಿಕೊಳ್ಳುತ್ತದೆ,
ಭಾನುವಾರ ಒಂದು ಹನಿ ಹೆಚ್ಚೇ.
ನಾಲ್ಕೂವರೆಗೆ ಟ್ಯೂನಿಸ್ ಎದ್ದು
ಮರದ ಜೋಡಿನಲ್ಲಿ ಕಾಲು ತುರುಕುತ್ತಾನೆ.
ಹಿಂದೆಯೇ ನಾನು.
ಹೊರಗೆ ಮಂಜು. ಹುಲ್ಲು ಎಲ್ಲಿ ಮುಗಿಯಿತು,
ಕಾಲುವೆ ಎಲ್ಲಿ ಶುರುವಾಯಿತು, ಕಾಲಿಗೆ ಮಾತ್ರ ಗೊತ್ತು.

ಕಡಲಿಗಿಂತ ತಗ್ಗಿನ ನೆಲ ನಮ್ಮದು, ಹಾಲೆಂಡಿನದು.
ನೀರೆತ್ತುವ ಪಂಪು ಸಬ್ಬತ್ತಿನಲ್ಲೂ ಓಡುತ್ತದೆ.
ಅದೂ ವಿಶ್ರಮಿಸಿದರೆ
ಚರ್ಚಿಗೆ ಈಜಿಕೊಂಡು ಹೋಗಬೇಕಾದೀತು,
ಎನ್ನುತ್ತಿದ್ದರು ಮಾವ. ನಗುತ್ತಿರಲಿಲ್ಲ.

ಅವರ ಕಾಲಕ್ಕೆ ಭಾನುವಾರದ ಹಾಲು ಮಾರಾಟಕ್ಕಿರಲಿಲ್ಲ.
ಕರೆಯುವುದು ಕರುಣೆ, ಮಾರುವುದು ವ್ಯಾಪಾರ.
ಕ್ಯಾನಿನ ಕೊರಳಿಗೆ ಕೆಂಪು ದಾರ ಕಟ್ಟಿ
ವಿಧವೆ ನೇಲ್ತ್ಯಾಳ ಬಾಗಿಲಲ್ಲಿಟ್ಟು ಬರುತ್ತಿದ್ದರು.
ಅವಳ ಆರು ಮಕ್ಕಳು
ವಾರಕ್ಕೊಂದೇ ದಿನ ಬೆಳೆಯುತ್ತಿದ್ದರಂತೆ.
ಈಗ ಸ್ಟೀಲಿನ ಟ್ಯಾಂಕು. ಅದರೊಳಗೆ
ಶನಿವಾರ, ಭಾನುವಾರ ತಣ್ಣಗೆ ಬೆರೆತಿವೆ.
ಸೋಮವಾರ ಲಾರಿ ಬರುತ್ತದೆ.
ಯಾವ ಲೀಟರು ಯಾರದೆಂದು
ವಿಂಗಡಿಸುವವನು ವಿಂಗಡಿಸಿಕೊಳ್ಳಲಿ.

ಎರಡು ಸಲ ಸೋಪು ಹಚ್ಚಿ,
ಹಾಲು ಕರೆದ ಕೈಯಲ್ಲೇ
ದೇವರನ್ನು ಕರೆಯಲು ಹೊರಟೆವು.
ನನ್ನ ತಲೆಗೆ ಕಪ್ಪು ಹ್ಯಾಟು, ಅವನ ಉಗುರಿನಲ್ಲಿ ಕೊಟ್ಟಿಗೆ.
ಇಲ್ಲಿ ಕೀರ್ತನೆಯ ಒಂದೊಂದು ಅಕ್ಷರಕ್ಕೂ ಒಂದು ಉಸಿರು.
ಒಂದು ಚರಣ ಮುಗಿಯುವಷ್ಟರಲ್ಲಿ
ಒಂದು ಹಸು ಕರೆದು ಮುಗಿಸಬಹುದು.
ಪ್ರಸಂಗಕ್ಕೆ ಮೂರು ಭಾಗ,
ಭಾಗಕ್ಕೊಂದು ಪೆಪ್ಪರ್‌ಮಿಂಟು.
ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮೀರುವುದಿಲ್ಲ.

ಮೊದಲನೆಯದು ಅವನ ನಾಲಗೆಯ ಮೇಲೆ ಕರಗುವ ಹೊತ್ತಿಗೆ
ಗದ್ದ ಎದೆಗೆ ತಾಗಿರುತ್ತದೆ.
ಎರಡನೆಯದು ನನ್ನ ಅಂಗೈಯಲ್ಲೇ.

ಇಪ್ಪತ್ತೆರಡು ವರ್ಷ ಮೊಣಕೈಯಲ್ಲಿ ತಿವಿದೆ.
ಆ ತಿವಿತದಲ್ಲಿ ಭಕ್ತಿ ಇರಲಿಲ್ಲ.
ಹಿಂದಿನ ಸಾಲಿನವರು ನೋಡುತ್ತಿದ್ದರು, ಅಷ್ಟೆ.

ಮೊನ್ನೆ ಗುರುವಾರ ಸಭೆಯ ಹಿರಿಯ ಗೈಸ್ಬರ್ಟ್ ಬಂದ.
ಕಾಫಿ ಕೊಟ್ಟೆ, ಒಂದು ಬಿಸ್ಕತ್ತು ಕೊಟ್ಟೆ,
ಡಬ್ಬಿ ಮುಚ್ಚಿದೆ. ನಮ್ಮಲ್ಲಿ ಹಾಗೇ.
'ಆರು ದಿನ ದುಡಿಮೆಗಿವೆ, ಆರು ರಾತ್ರಿ ನಿದ್ದೆಗಿವೆ.
ಆತನು ಕೇಳುವುದು ಒಂದು ಗಂಟೆ' ಎಂದ.
ಟ್ಯೂನಿಸ್ ತನ್ನ ಕೈಗಳನ್ನು ನೋಡಿಕೊಂಡ,
ಬೇರೆ ಯಾರದೋ ಎಂಬಂತೆ.
ನನ್ನ ಬಾಯಿಗೆ ಬಂದಿತ್ತು:
ಬಿರುಗಾಳಿಯ ದೋಣಿಯಲ್ಲಿ ದಿಂಬಿಗೊರಗಿ
ಒಬ್ಬ ಮಲಗಿರಲಿಲ್ಲವೇ?
ಎಬ್ಬಿಸಿದವರು ಹೆದರಿದವರು, ನಂಬಿದವರಲ್ಲ.
ಹೇಳಲಿಲ್ಲ.
ಡಬ್ಬಿಯನ್ನು ಎರಡನೆಯ ಸಲ ತೆರೆದೆ.

ಅವನು ಬಿಸ್ಕತ್ತು ಹಿಡಿದು ಕೂತ, ತಿನ್ನಲಿಲ್ಲ.
ಕಣ್ಣ ಕೆಳಗೆ ಕಪ್ಪು ಇಳಿದಿತ್ತು.
'ಮಾರಿಗ್ಯೆ ಹೋದಾಗಿನಿಂದ ಎಂಟು ತಿಂಗಳು
ನಾನು ಮಲಗಿಲ್ಲ' ಎಂದ.
'ಹಿರಿಯರ ಬೆಂಚಿನಿಂದ ನಿನ್ನ ಗಂಡ ನೇರ ಕಾಣುತ್ತಾನೆ.
ಪ್ರಸಂಗದುದ್ದಕ್ಕೂ ಅವನನ್ನೇ ನೋಡುತ್ತೇನೆ.
ತಪ್ಪು ಅವನದೋ ನನ್ನದೋ,
ತಿಳಿಯದೆ ಬಂದೆ.'

ಈ ಭಾನುವಾರ ತಿವಿಯಲಿಲ್ಲ.
ಅವನ ಭುಜ ನನ್ನ ಭುಜಕ್ಕೆ ವಾಲಿತು,
ಒದ್ದೆ ಹುಲ್ಲಿನ ಹೊರೆಯಂತೆ.
ಭಾರ ಇಷ್ಟಿತ್ತೇ, ಗೊತ್ತಿರಲಿಲ್ಲ.
ಇಳಿಸಲು ಜಾಗ ಇದೊಂದೇ ಇತ್ತೇನೋ,
ಈ ಗಟ್ಟಿ ಬೆಂಚು, ಈ ಎತ್ತರದ ಕಿಟಕಿ,
ಯಾರೋ ಅವನ ಪರವಾಗಿ ಎಚ್ಚರವಿರುವ ಮನೆ.
ಕತ್ತೆತ್ತಿ ನೋಡಿದೆ:
ಎದುರಿಗೆ ಗೈಸ್ಬರ್ಟ್ ಇವನನ್ನೇ ನೋಡುತ್ತಿದ್ದ,
ತೊಟ್ಟಿಲಲ್ಲಿ ಮಲಗಿದ ಮಗುವನ್ನು
ಆಚೆಮನೆಯವರು ನೋಡುವ ಹಾಗೆ.

ಸಂಜೆ ಮತ್ತೆ ಕೊಟ್ಟಿಗೆ. ಯಂತ್ರದ ಚಿಕ್ ಚಿಕ್.
ಮುದಿ ಹಸುವಿನ ಪಕ್ಕೆಗೆ ಹಣೆಯಿಟ್ಟು ಕೇಳಿದ,
'ಎರಡನೆಯ ಭಾಗದಲ್ಲಿ ಪಾದ್ರಿ ಏನು ಹೇಳಿದರು?'
ನನಗೂ ಗೊತ್ತಿರಲಿಲ್ಲ.
ಜೇಬಿನ ನೂಲೆಲ್ಲ ಅಂಟಿದ್ದ ಪೆಪ್ಪರ್‌ಮಿಂಟನ್ನು
ಲಂಗಕ್ಕೆ ಒರೆಸಿ
ಅವನ ಬಾಯಿಗಿಟ್ಟೆ.